ಹೊಸ ಬಲ್ಬು ಹಾಕಿದರೂ ಹೆಡ್‌ಲೈಟ್ ಮಂಕು ಯಾಕೆ?



ಬಣ್ಣಾರಿಯಿಂದ ದಿಂಬಂವರೆಗಿನ ಘಾಟಿ ರಸ್ತೆಯಲ್ಲಿ 27 ತಿರುವುಗಳಿವೆ. ತಾಳವಾಡಿ ಕಡೆಯ ಕೋಸು, ಆಲೂಗಡ್ಡೆ, ಟೊಮ್ಯಾಟೊ ಹೊತ್ತ ಪಿಕಪ್ ಗಾಡಿಗಳು ಈ ದಾರಿಯಲ್ಲೇ ಇಳಿಯಬೇಕು. ಬೆಳಗಿನ ಜಾವ ಮಂಜು ಕವಿದಿದ್ದರೆ ಹತ್ತು ಮಾರು ಮುಂದೆ ಏನಿದೆ ಅಂತ ಕಾಣಿಸುವುದಿಲ್ಲ. ಕಾಡಿನ ರಸ್ತೆ, ಆನೆ ನಿಂತಿದ್ದರೂ ನಿಂತಿರಬಹುದು. ಅಂಥ ಕಡೆ ಗಾಡಿಯ ಹೆಡ್‌ಲೈಟ್ ಅಂದರೆ ಚಾಲಕನ ಕಣ್ಣು.

ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮ ಮುಗಿಸಿದ ದಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ನಮ್ ಚಿಕ್ಕಪ್ಪ ಗಾಡಿಗೆ ಜಾಸ್ತಿ ವ್ಯಾಟಿನ ಬಲ್ಬು ಹಾಕ್ಸಿದ್ರು. ಒಂದು ವಾರ ಚೆನ್ನಾಗಿತ್ತು. ಈಗ ಎಡಗಡೆ ಲೈಟು ಹಳೇ ಬಲ್ಬಿಗಿಂತ ಮಂಕಾಗಿದೆ. ವ್ಯಾಟ್ ಜಾಸ್ತಿ ಆದ್ರೆ ಬೆಳಕೂ ಜಾಸ್ತಿ ಆಗ್ಬೇಕಲ್ವಾ?"

ಒಳ್ಳೆ ಪ್ರಶ್ನೆ. ಸಂಜೆ ಶಾಲೆ ಬಿಟ್ಟ ಮೇಲೆ ಗಾಡಿ ನೋಡಲು ಹೋದೆ. ಮೊದಲ ಪರೀಕ್ಷೆಯಲ್ಲೇ ನಾನು ತಪ್ಪು ಮಾಡಿದೆ. ಆ ತಪ್ಪಿನಿಂದಲೇ ಈ ಪಾಠ ಶುರು ಮಾಡೋಣ.

ಮೀಟರ್ ಸರಿ ಹೇಳಿತು, ನಾನು ತಪ್ಪು ತಿಳಿದೆ

ಎಡ ಹೆಡ್‌ಲೈಟಿನ ಹಿಂದಿನ ಕಪ್ಲರ್ ಕಳಚಿದೆ. ಕಪ್ಲರ್ ಅಂದರೆ ಬಲ್ಬಿನ ಕಾಲುಗಳಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹಿಡಿ. ಸ್ವಿಚ್ ಹಾಕಿಸಿ, ಕಪ್ಲರಿನ ಒಳಗೆ ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟೆ. 12.4 ವೋಲ್ಟ್ ತೋರಿಸಿತು. "ವೈರಿಂಗ್ ಸರಿಯಾಗಿದೆ, ಬಲ್ಬೇ ಸರಿಯಿಲ್ಲ" ಅಂದುಬಿಟ್ಟೆ.

ಆ ಹುಡುಗಿ ಬಿಡಲಿಲ್ಲ. ಎಡಗಡೆ ಬಲ್ಬನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ನೋಡೋಣ ಅಂದಳು. ಹಾಗೇ ಮಾಡಿದೆವು. ಈಗಲೂ ಎಡಗಡೆಯೇ ಮಂಕು! ಬಲ್ಬಿನಲ್ಲಿ ದೋಷವಿದ್ದರೆ ಅದು ಬಲ್ಬಿನ ಜೊತೆ ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಅಂದಮೇಲೆ ದೋಷ ಇರುವುದು ಗಾಡಿಯ ತಂತಿಯಲ್ಲಿ.

ಹಾಗಾದರೆ ಮೀಟರ್ ಸುಳ್ಳು ಹೇಳಿತೇ? ಇಲ್ಲ. V = I × R ಅನ್ನುವುದನ್ನು ನೆನಪು ಮಾಡಿಕೊಳ್ಳಿ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಸ್ವಲ್ಪ ರೋಧ R ಇದೆ ಅನ್ನೋಣ. ಅಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅನ್ನುವುದು ಅದರ ಮೂಲಕ ಹರಿಯುವ ಪ್ರವಾಹ I ಎಷ್ಟು ಅನ್ನುವುದರ ಮೇಲೆ ನಿಂತಿದೆ. ಬಲ್ಬು ಕಳಚಿದಾಗ ಪ್ರವಾಹವೇ ಇಲ್ಲ. ಮಲ್ಟಿಮೀಟರಿನ ಒಳರೋಧ ಲಕ್ಷಗಟ್ಟಲೆ ಓಮ್ ಇರುವುದರಿಂದ ಅದರ ಮೂಲಕ ಹರಿಯುವುದು ಲೆಕ್ಕಕ್ಕಿಲ್ಲದಷ್ಟು. I ಸೊನ್ನೆ ಆದರೆ I × R ಕೂಡ ಸೊನ್ನೆ. ಹಾಗಾಗಿ ಒಂದೇ ಒಂದು ಎಳೆ ಉಳಿದಿರುವ ತಂತಿಯೂ ಮೀಟರಿಗೆ ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ.

ಗದ್ದೆಗೆ ನೀರು ಬಿಡುವ ಪೈಪಿನ ಹಾಗೆ ಇದು. ಕೊನೆಯ ನಲ್ಲಿ ಮುಚ್ಚಿದ್ದರೆ, ಮಧ್ಯದಲ್ಲಿ ಕಸ ಕಟ್ಟಿದ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತೆರೆದಾಗ ಮಾತ್ರ ಕಸದ ಬಣ್ಣ ಬಯಲಾಗುತ್ತದೆ.

ಆದ್ದರಿಂದ ಮೊದಲ ನಿಯಮ ಇದು: ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು.

ಕಳೆದುಹೋದ ವೋಲ್ಟ್ ಎಲ್ಲಿದೆ?

ಕಪ್ಲರ್ ಮತ್ತೆ ಸಿಕ್ಕಿಸಿದೆವು. ಅದರ ಹಿಂಬದಿಯಿಂದ ಕಡ್ಡಿ ತೂರಿಸಿ, ಬಲ್ಬು ಉರಿಯುತ್ತಿರುವಾಗ ನಾಲ್ಕು ಅಳತೆ ತೆಗೆದೆವು. ಎಂಜಿನ್ ನಿಂತಿತ್ತು.

ಬ್ಯಾಟರಿಯ ಎರಡು ತುದಿಗಳ ನಡುವೆ: 12.2 ವೋಲ್ಟ್
ಬಲ್ಬಿನ ಎರಡು ಕಾಲುಗಳ ನಡುವೆ: 9.7 ವೋಲ್ಟ್
ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ ಕಾಲಿಗೆ: 0.9 ವೋಲ್ಟ್
ಬಲ್ಬಿನ ಅರ್ಥ್ ಕಾಲಿನಿಂದ ಬ್ಯಾಟರಿಯ ಮೈನಸ್ಸಿಗೆ: 1.6 ವೋಲ್ಟ್

ಕೂಡಿಸಿ ನೋಡಿ: 9.7 + 0.9 + 1.6 = 12.2. ಸರಣಿ ಜೋಡಣೆಯಲ್ಲಿ ವಿಭವಾಂತರಗಳ ಮೊತ್ತ ಮೂಲದ ವಿಭವಾಂತರಕ್ಕೆ ಸಮ ಅಂತ ಪುಸ್ತಕದಲ್ಲಿ ಓದಿದ್ದೀರಲ್ಲ, ಅದು ಇದೇ. ಒಂದೂ ವೋಲ್ಟ್ ಮಾಯವಾಗಲಿಲ್ಲ. ಬಲ್ಬಿಗೆ ಸೇರಬೇಕಾದ 2.5 ವೋಲ್ಟನ್ನು ದಾರಿಯಲ್ಲಿ ತಂತಿಗಳೇ ತಿಂದಿದ್ದವು.

ಮೂರನೆಯ, ನಾಲ್ಕನೆಯ ಅಳತೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಒಂದೇ ತಂತಿಯ ಎರಡು ತುದಿಗೆ ಮೀಟರ್ ಇಡುವುದೇ? ಹೌದು. ತಂತಿ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ಬರಬೇಕು. 0.1, 0.2 ವೋಲ್ಟ್ ಬಂದರೆ ತೊಂದರೆ ಇಲ್ಲ. ಅದಕ್ಕಿಂತ ಬಹಳ ಜಾಸ್ತಿ ಬಂದರೆ ಆ ದಾರಿಯಲ್ಲಿ ಎಲ್ಲೋ ರೋಧ ಕೂತಿದೆ ಅಂತ ಅರ್ಥ.

ನಮ್ಮ ಗಾಡಿಯಲ್ಲಿ ದೊಡ್ಡ ಕಳ್ಳ ಇದ್ದದ್ದು ಅರ್ಥ್ ಕಡೆ. ಗಾಡಿಯಲ್ಲಿ ಪ್ರತಿ ಬಲ್ಬಿಗೂ ಬ್ಯಾಟರಿಯವರೆಗೆ ಎರಡೆರಡು ತಂತಿ ಎಳೆಯುವುದಿಲ್ಲ. ಬಲ್ಬಿನ ಒಂದು ಕಡೆಯನ್ನು ಗಾಡಿಯ ಕಬ್ಬಿಣದ ಮೈಗೆ ಬೋಲ್ಟಿನಲ್ಲಿ ಬಿಗಿಯುತ್ತಾರೆ. ಬ್ಯಾಟರಿಯ ಮೈನಸ್ಸನ್ನೂ ಅದೇ ಮೈಗೆ ಬಿಗಿದಿರುತ್ತಾರೆ. ಹೀಗೆ ಗಾಡಿಯ ಮೈಯೇ ವಾಪಸ್ ದಾರಿ. ಮೆಕ್ಯಾನಿಕ್‌ಗಳು ಇದನ್ನು ಬಾಡಿ ಅರ್ಥ್ ಅನ್ನುತ್ತಾರೆ. ಎಡ ಲೈಟಿನ ಕೆಳಗಿನ ಆ ಬೋಲ್ಟಿನ ಸುತ್ತ ಬಣ್ಣ, ಕೆಸರು, ಕೆಂಪು ತುಕ್ಕು ತುಂಬಿತ್ತು.

ಈ ಬಲ್ಬಿನ ಡಿಮ್ 90 ವ್ಯಾಟ್. ಆ ಹೊತ್ತಿಗೆ ಅದರಲ್ಲಿ ಸುಮಾರು 6.5 ಆಂಪಿಯರ್ ಹರಿಯುತ್ತಿತ್ತು ಅನ್ನೋಣ. ತುಕ್ಕಿನ ರೋಧ 1.6 ÷ 6.5, ಅಂದರೆ ಸುಮಾರು 0.25 ಓಮ್. ಬರೀ ಕಾಲು ಓಮ್! ಆದರೆ ಅಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯ 1.6 × 6.5, ಅಂದರೆ 10 ವ್ಯಾಟಿಗಿಂತ ಹೆಚ್ಚು. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಅದರ ಅರ್ಧಕ್ಕೆ ಹತ್ತಿರದ ಶಾಖ ಒಂದು ಬೋಲ್ಟಿನ ತಲೆಯಲ್ಲಿ ಹುಟ್ಟುತ್ತಿತ್ತು. ಬಿಸಿಯಾದಷ್ಟೂ ತುಕ್ಕು ಹೆಚ್ಚು, ತುಕ್ಕು ಹೆಚ್ಚಿದಷ್ಟೂ ರೋಧ ಹೆಚ್ಚು. ಮೊದಲ ವಾರ ಚೆನ್ನಾಗಿದ್ದ ಬೆಳಕು ಆಮೇಲೆ ಕುಗ್ಗಿದ್ದು ಇದಕ್ಕೇ.

ಸ್ವಲ್ಪ ವೋಲ್ಟ್ ಹೋದರೆ ಬಹಳ ಬೆಳಕು ಹೋಗುತ್ತದೆ

12.2ರಲ್ಲಿ 9.7 ಸಿಕ್ಕಿತಲ್ಲ, ಐದರಲ್ಲಿ ನಾಲ್ಕು ಪಾಲು. ಹಾಗಾದರೆ ಬೆಳಕೂ ಐದರಲ್ಲಿ ನಾಲ್ಕು ಪಾಲು ಬರಬೇಕು ಅನ್ನಿಸುತ್ತದೆ. ಹಾಗಲ್ಲ. ಟಂಗ್‌ಸ್ಟನ್ ತಂತುವಿನ ಉಷ್ಣತೆ ಸ್ವಲ್ಪ ಇಳಿದರೂ ಕಣ್ಣಿಗೆ ಕಾಣುವ ಬೆಳಕು ಬಹಳ ಇಳಿಯುತ್ತದೆ. ಉಳಿಯುವುದೆಲ್ಲ ಹೆಚ್ಚಾಗಿ ಅವಗೆಂಪು ಕಿರಣ, ಅಂದರೆ ಬರೀ ಬಿಸಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಶೇಕಡಾ 20 ಇಳಿದರೆ ಅರ್ಧಕ್ಕಿಂತ ಕಡಿಮೆ ಬೆಳಕು ಉಳಿಯುತ್ತದೆ. ಆ ಎಡಗಡೆ ಲೈಟು ಹಳದಿ ಬಣ್ಣಕ್ಕೆ ತಿರುಗಿದ್ದೂ ಇದಕ್ಕೇ.

ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿಗೆ ಹೊಸ ಲಗ್ ಹಾಕಿ ಬಿಗಿದೆವು. ಮೇಲೆ ನೀರು ಸೇರದಂತೆ ಗ್ರೀಸ್ ಸವರಿದೆವು. ಅರ್ಥ್ ಕಡೆಯ ನಷ್ಟ 1.6ರಿಂದ 0.1 ವೋಲ್ಟಿಗೆ ಇಳಿಯಿತು. ಶಾಲೆಯ ಗೋಡೆಯ ಮೇಲೆ ಎರಡೂ ಬೆಳಕು ಒಂದೇ ಸಮ ಬಿದ್ದವು.

ಒಂದು ಮಾತು ಗಮನಿಸಿ. ಆ ತುಕ್ಕು ಹೊಸ ಬಲ್ಬು ಹಾಕಿದ ಮೇಲೆ ಬಂದದ್ದಲ್ಲ, ಮೊದಲಿಂದಲೂ ಇತ್ತು. ಹಳೆಯ ಬಲ್ಬು ಮಂಕಾಗಿದ್ದಕ್ಕೂ ಅದೇ ಕಾರಣ. ರೋಗ ಅರ್ಥಿನಲ್ಲಿದ್ದಾಗ ಔಷಧಿ ಬಲ್ಬಿಗೆ ಕೊಟ್ಟ ಹಾಗಾಯ್ತು.

ಫ್ಯೂಸ್ ಡಬ್ಬಿ ತೆರೆದಾಗ

ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡು ಫ್ಯೂಸ್ ಡಬ್ಬಿ ತೆರೆದರೆ ನನಗೆ ಭಯವಾಯಿತು. ಹೆಡ್‌ಲೈಟಿನ ಜಾಗದಲ್ಲಿ 15 ಆಂಪಿಯರಿನ ನೀಲಿ ಫ್ಯೂಸ್ ಇರಬೇಕಿತ್ತು. ಇದ್ದದ್ದು 30 ಆಂಪಿಯರಿನ ಹಸಿರು ಫ್ಯೂಸ್. "ಮೊದಲಿಂದು ಎರಡು ಸಲ ಸುಟ್ಟೋಯ್ತು ಸಾರ್. ಅಂಗಡೀಲಿ ದೊಡ್ದು ಹಾಕ್ಕೊಟ್ರು, ಆಮೇಲೆ ಸುಟ್ಟಿಲ್ಲ" ಅಂದರು ಚಿಕ್ಕಪ್ಪ.

ಯಾಕೆ ಸುಟ್ಟಿತ್ತು? ಲೆಕ್ಕ ಮಾಡಿ. ಗಾಡಿಯ ಜೊತೆ ಬಂದ ಬಲ್ಬು 60/55 ವ್ಯಾಟ್: ಬ್ರೈಟ್ 60, ಡಿಮ್ 55. ಬ್ರೈಟ್‌ನಲ್ಲಿ ಎರಡು ಬಲ್ಬಿಗೆ 120 ÷ 12 = 10 ಆಂಪಿಯರ್. ಹೊಸದು 100/90. ಬ್ರೈಟ್‌ನಲ್ಲಿ 200 ÷ 12 = 16.7 ಆಂಪಿಯರ್. 15ರ ಫ್ಯೂಸ್ ಸ್ವಲ್ಪ ಹೊತ್ತು ತಡೆದು ಆಮೇಲೆ ಕರಗಿದ್ದು ತಪ್ಪಲ್ಲ, ಅದರ ಕೆಲಸವನ್ನೇ ಅದು ಮಾಡಿದೆ.

ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ತಂತಿಯನ್ನು. ತಂತಿ ಎಷ್ಟು ಆಂಪಿಯರ್ ತಡೆಯುತ್ತದೆ ಅಂತ ನೋಡಿ ಫ್ಯೂಸ್ ಹಾಕಿರುತ್ತಾರೆ. ತಂತಿ ಹಳೆಯದೇ ಇಟ್ಟು ಫ್ಯೂಸ್ ಮಾತ್ರ ದೊಡ್ಡದು ಮಾಡಿದರೆ, ಮುಂದೆ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ಕರಗುವುದು ತಂತಿ. ಗಾಡಿಯ ಬ್ಯಾಟರಿ 12 ವೋಲ್ಟಿನದೇ ಆದರೂ ಶಾರ್ಟ್ ಆದರೆ ನೂರಾರು ಆಂಪಿಯರ್ ಕೊಡಬಲ್ಲದು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದರೆ ಬೆಂಕಿ ಹತ್ತಿಸಲು ಅಷ್ಟು ಧಾರಾಳ ಸಾಕು. ಆ ಗಾಡಿಯ ಕಪ್ಲರಿನ ಪ್ಲಾಸ್ಟಿಕ್ ಆಗಲೇ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಮೆತ್ತಗಾಗಿತ್ತು. ತುಂಬಿದ ಲೋಡು, ಒಳಗೆ ಇಬ್ಬರು ಮನುಷ್ಯರು, ಘಾಟಿಯ ಮಧ್ಯೆ ಎರಡೂ ಲೈಟು ಒಮ್ಮೆಗೇ ಆರಿ ಹೊಗೆ ಬಂದಿದ್ದರೆ? ಫ್ಯೂಸಿನ ಜಾಗಕ್ಕೆ ಸಿಗರೇಟ್ ಪೊಟ್ಟಣದ ಬೇಗಡೆ ಸುತ್ತುವವರೂ ಇದ್ದಾರೆ. ನಿಮ್ಮ ಮನೆಯವರು ಮಾಡಿದರೆ ದಯವಿಟ್ಟು ತಡೆಯಿರಿ.

ಆವತ್ತೇ ಹಳೆಯ 60/55 ಬಲ್ಬುಗಳನ್ನು, 15ರ ಫ್ಯೂಸನ್ನು ವಾಪಸ್ ಹಾಕಿಸಿದೆವು.

ರಿಲೇ: ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹಕ್ಕೆ ಅಪ್ಪಣೆ

ಇನ್ನು ಪ್ಲಸ್ ಕಡೆ ಹೋಗುತ್ತಿದ್ದ 0.9 ವೋಲ್ಟಿನ ಕಥೆ. ಇಲ್ಲಿ ತುಕ್ಕಿರಲಿಲ್ಲ, ತಂತಿಯೇ ತೆಳು, ಉದ್ದ. ಬ್ಯಾಟರಿಯಿಂದ ಹೊರಟ ಪ್ರವಾಹ ಸ್ಟೀರಿಂಗ್ ಹತ್ತಿರದ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಲೈಟಿಗೆ ಬರಬೇಕು. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ಮೀಟರಿಗೆ 0.017 ಓಮ್. ನಾಲ್ಕು ಮೀಟರಿಗೆ ಸುಮಾರು 0.07 ಓಮ್. ಎರಡೂ ಬಲ್ಬಿನದು ಸೇರಿ 13 ಆಂಪಿಯರ್ ಹರಿದರೆ ನಷ್ಟ 0.07 × 13, ಅಂದರೆ 0.9 ವೋಲ್ಟ್. ಅಳತೆಗೂ ಲೆಕ್ಕಕ್ಕೂ ತಾಳೆ ಬಿತ್ತು.

ಇದಕ್ಕೆ ಪರಿಹಾರ ರಿಲೇ. ಅದರೊಳಗೆ ಒಂದು ವಿದ್ಯುತ್ಕಾಂತ, ಒಂದು ಸ್ವಿಚ್. ಸುರುಳಿಯಲ್ಲಿ ಪ್ರವಾಹ ಹರಿದಾಗ ಅದು ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಸ್ವಿಚ್ ಮುಚ್ಚುತ್ತದೆ. 'ಟಿಕ್' ಅನ್ನುವ ಸದ್ದು ಅದೇ. 12 ವೋಲ್ಟಿನ ರಿಲೇಯ ಸುರುಳಿ ಸುಮಾರು 80–90 ಓಮ್ ಇರುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 0.15 ಆಂಪಿಯರ್ ಮಾತ್ರ. ಈಗ ಸ್ಟೀರಿಂಗಿನ ಸ್ವಿಚ್ಚು, ತೆಳು ತಂತಿ ಹೊರುವುದು ಇಷ್ಟನ್ನೇ. ಬಲ್ಬಿನ ಭಾರಿ ಪ್ರವಾಹ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಬರುತ್ತದೆ. 2.5 ಚದರ ಮಿಲಿಮೀಟರಿನ ಒಂದೂವರೆ ಮೀಟರ್ ತಂತಿಯ ರೋಧ 0.01 ಓಮ್. 9 ಆಂಪಿಯರಿಗೆ ನಷ್ಟ 0.1 ವೋಲ್ಟಿಗಿಂತ ಕಡಿಮೆ.

ರಿಲೇಯ ಕೆಳಗೆ ನಂಬರ್ ಬರೆದಿರುತ್ತದೆ: 85 ಮತ್ತು 86 ಸುರುಳಿಯ ಎರಡು ತುದಿ, 30 ಬ್ಯಾಟರಿಯಿಂದ ಬರುವುದು, 87 ಬಲ್ಬಿಗೆ ಹೋಗುವುದು. ರಿಲೇ ಹಾಕಿದ ಮೇಲೆ ಲೈಟು ಹತ್ತಲಿಲ್ಲ ಅಂದರೆ ಮೊದಲು ಕಿವಿಗೊಡಿ. 'ಟಿಕ್' ಕೇಳಿಸಲಿಲ್ಲವೇ? 85, 86ರ ದಾರಿ ನೋಡಿ. 'ಟಿಕ್' ಕೇಳಿಸಿ ಲೈಟು ಹತ್ತಲಿಲ್ಲವೇ? 30, 87ರ ದಾರಿ ನೋಡಿ. 30ಕ್ಕೆ ಬರುವ ದಪ್ಪ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಫ್ಯೂಸಿಗೆ ಮೊದಲಿನ ತಂತಿಗೆ ಕಾವಲೇ ಇಲ್ಲ, ಹಾಗಾಗಿ ಆ ಭಾಗ ಚಿಕ್ಕದಾದಷ್ಟೂ ಒಳ್ಳೆಯದು.

ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಹಾಕಿಕೊಟ್ಟರು. ಕೆಟ್ಟ ತಂತಿಯಲ್ಲಿ ಉರಿಯುತ್ತಿದ್ದ 90 ವ್ಯಾಟಿಗಿಂತ ಒಳ್ಳೆಯ ತಂತಿಯ 55 ವ್ಯಾಟ್ ಹೆಚ್ಚು ಬೆಳಗಿತು.

ಲಕ್ಷಣ ನೋಡಿ ರೋಗ ಹಿಡಿಯಿರಿ

*ಡಿಮ್ ಹಾಕಿದರೆ ಎರಡೂ ತಂತು ಮಿಣಮಿಣ ಅನ್ನುತ್ತವೆ, ಡ್ಯಾಷಿನ ನೀಲಿ ದೀಪವೂ ಹತ್ತುತ್ತದೆ.* ಅರ್ಥ್ ಪೂರ್ತಿ ಹೋಗಿದೆ. ಒಂದೇ ಬಲ್ಬಿನಲ್ಲಿ ಡಿಮ್, ಬ್ರೈಟ್ ಎಂಬ ಎರಡು ತಂತುಗಳಿಗೂ ಒಂದೇ ಅರ್ಥ್ ಕಾಲು. ಅದು ಕಡಿದಾಗ ಪ್ರವಾಹ ಡಿಮ್ ತಂತುವಿನಿಂದ ಬ್ರೈಟ್ ತಂತುವಿಗೆ ನುಗ್ಗಿ, ಬ್ರೈಟಿನ ತಂತಿಯಲ್ಲಿ ಆಚೆ ಕಡೆಯ ಬಲ್ಬಿಗೆ ಹೋಗಿ, ಅಲ್ಲಿನ ಅರ್ಥ್ ಹಿಡಿಯುತ್ತದೆ. ಸಮಾಂತರದಲ್ಲಿ ಇರಬೇಕಾದ ತಂತುಗಳು ಸರಣಿಗೆ ಬಂದು 12 ವೋಲ್ಟನ್ನು ಹಂಚಿಕೊಳ್ಳುತ್ತವೆ.

*ಇಂಡಿಕೇಟರ್ ಮಿನುಗಿದಾಗಲೆಲ್ಲ ಹೆಡ್‌ಲೈಟೂ ಮಿನುಗುತ್ತದೆ.* ಇಬ್ಬರಿಗೂ ಒಂದೇ ಕೆಟ್ಟ ಅರ್ಥ್.

*ಎಂಜಿನ್ ವೇಗ ಹೆಚ್ಚಿದಾಗ ಬೆಳಕೂ ಬಹಳ ಹೆಚ್ಚುತ್ತದೆ.* ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್, ಬೆಲ್ಟ್, ಬ್ಯಾಟರಿ ತೋರಿಸಿ.

*ಎಲ್‌ಇಡಿ ಹಾಕಿದರೆ ಹತ್ತುವುದೇ ಇಲ್ಲ.* ಹ್ಯಾಲೊಜೆನ್ ತಂತುವಿಗೆ ಪ್ಲಸ್ ಯಾವ ಕಡೆಯಾದರೂ ಒಂದೇ. ಎಲ್‌ಇಡಿ ಒಂದು ಡಯೋಡ್, ಒಂದೇ ದಿಕ್ಕಿನಲ್ಲಿ ಪ್ರವಾಹ ಬಿಡುತ್ತದೆ. ಎರಡು ಕಾಲಿನದಾದರೆ ಕಪ್ಲರ್ ತಿರುಗಿಸಿ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಮೂರು ಕಾಲಿನದರಲ್ಲಿ ಇನ್ನೊಂದು ಸಂಗತಿ ಇದೆ. ಕೆಲವು ಗಾಡಿಗಳಲ್ಲಿ ಸಾಮಾನ್ಯ ಕಾಲಿಗೆ ಅರ್ಥ್ ಬದಲು ಪ್ಲಸ್ ಬಂದಿರುತ್ತದೆ, ಸ್ವಿಚ್ ಇರುವುದು ಅರ್ಥ್ ಕಡೆ. ಅಂಥ ಗಾಡಿಗೆ ಎಲ್ಲ ಎಲ್‌ಇಡಿ ಹೊಂದುವುದಿಲ್ಲ. ಕೊಳ್ಳುವ ಮೊದಲೇ ಮೀಟರ್ ಇಟ್ಟು ನೋಡಬೇಕು.

*ಎಲ್‌ಇಡಿ ಹತ್ತುತ್ತದೆ, ಆದರೆ ಪಟಪಟ ಮಿನುಗುತ್ತದೆ, ಇಲ್ಲವೇ ಡ್ಯಾಷಿನಲ್ಲಿ ಬಲ್ಬು ಹೋಗಿದೆ ಅಂತ ಬರುತ್ತದೆ.* ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಬಲ್ಬಿನ ಪ್ರವಾಹವನ್ನು ಗಮನಿಸುತ್ತದೆ. ಎಲ್‌ಇಡಿ ಕಡಿಮೆ ಪ್ರವಾಹ ತೆಗೆದುಕೊಳ್ಳುವುದರಿಂದ ಬಲ್ಬೇ ಇಲ್ಲ ಅಂದುಕೊಳ್ಳುತ್ತದೆ. ಕೆಲವು ಗಾಡಿಗಳು ಪ್ರವಾಹವನ್ನು ಬಿಟ್ಟುಬಿಟ್ಟು ಕಳಿಸುತ್ತವೆ. ತಂತು ಬಿಸಿ ಹಿಡಿದಿಟ್ಟುಕೊಂಡು ಅದನ್ನು ಮರೆಸುತ್ತದೆ, ಎಲ್‌ಇಡಿ ಮರೆಸುವುದಿಲ್ಲ. ಇದಕ್ಕೆ ಸಮಾಂತರದಲ್ಲಿ ರೋಧಕ ಹಾಕುತ್ತಾರೆ. 6 ಓಮ್ ಆದರೆ 12 × 12 ÷ 6 = 24 ವ್ಯಾಟ್ ಶಾಖ! ಅದನ್ನು ಪ್ಲಾಸ್ಟಿಕ್ಕಿಗೆ ತಾಗಿಸಿ ಕಟ್ಟಬಾರದು.

ಎದುರಿನವರ ಕಣ್ಣೂ ಕಣ್ಣೇ

ಹೆಡ್‌ಲೈಟಿನ ಕನ್ನಡಿಯನ್ನು ತಂತು ಇರುವ ಜಾಗವನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಬೆಳಕಿನ ಮೂಲ ಕೆಲವು ಮಿಲಿಮೀಟರ್ ಸರಿದರೂ ಪ್ರತಿಫಲಿಸಿದ ಕಿರಣ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತದೆ. ಹ್ಯಾಲೊಜೆನ್ ಕನ್ನಡಿಗೆ ಎಲ್‌ಇಡಿ ತುರುಕಿದಾಗ ಬಹಳ ಸಲ ಆಗುವುದು ಇದೇ. ನಮಗೆ ಬೆಳಕು ಜಾಸ್ತಿ ಅನ್ನಿಸುತ್ತದೆ, ಎದುರಿನವನಿಗೆ ರಸ್ತೆಯೇ ಕಾಣುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿಯನ್ನು ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯೂ ಅಡ್ಡ ಬರುತ್ತದೆ.

ಮಾಡಿ ನೋಡಿ

ಗಾಡಿಯ ವೈರಿಂಗಿಗೆ ನೀವೇ ಕೈ ಹಾಕಬೇಡಿ. ದೊಡ್ಡವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಎರಡು ಮಾತು ನೆನಪಿಸಿ: ತಂತಿ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಕಳಚಬೇಕು, ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಗಾಜು ಬೇಗ ಹಾಳಾಗುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ. 1.5 ವೋಲ್ಟಿನ ಎರಡು ಸೆಲ್ಲುಗಳನ್ನು ಸರಣಿಯಲ್ಲಿಟ್ಟು ಟಾರ್ಚಿನ ಸಣ್ಣ ಬಲ್ಬು ಹತ್ತಿಸಿ. ವಾಪಸ್ ತಂತಿಯ ಮಧ್ಯೆ ಚೆನ್ನಾಗಿ ತುಕ್ಕು ಹಿಡಿದ ಮೊಳೆಯೊಂದನ್ನು ಸೇರಿಸಿ, ತಂತಿಯನ್ನು ತುಕ್ಕಿನ ಮೇಲೇ ಒತ್ತಿ ಹಿಡಿಯಿರಿ. ಸೆಲ್ಲಿನ ಮೇಲೆ, ಬಲ್ಬಿನ ಮೇಲೆ, ಮೊಳೆಯ ಮೇಲೆ ಎಷ್ಟೆಷ್ಟು ವೋಲ್ಟ್ ಇದೆ ಬರೆದುಕೊಳ್ಳಿ. ಮೊತ್ತ ಸರಿಬರುತ್ತದೆಯೇ? ಆಮೇಲೆ ಬಲ್ಬು ಕಳಚಿ, ಅದರ ಹೋಲ್ಡರಿನಲ್ಲಿ ಅಳೆಯಿರಿ. ಕೊನೆಗೆ ಮೊಳೆಯನ್ನು ಎಮರಿ ಪೇಪರಿನಿಂದ ಉಜ್ಜಿ ಇನ್ನೊಮ್ಮೆ ಎಲ್ಲ ಅಳೆಯಿರಿ.

ಯೋಚಿಸಲು ಒಂದು ಪ್ರಶ್ನೆ. 12 ವೋಲ್ಟ್, 55 ವ್ಯಾಟಿನ ಬಲ್ಬಿನ ರೋಧ ಲೆಕ್ಕದಲ್ಲಿ 12 × 12 ÷ 55, ಅಂದರೆ 2.6 ಓಮ್ ಬರುತ್ತದೆ. ಆದರೆ ಆರಿದ ಬಲ್ಬಿಗೆ ಮಲ್ಟಿಮೀಟರ್ ಇಟ್ಟರೆ ಅರ್ಧ ಓಮ್ ಕೂಡ ತೋರಿಸುವುದಿಲ್ಲ. ಯಾಕಿರಬಹುದು? ಲೋಹ ಬಿಸಿಯಾದಾಗ ಅದರ ರೋಧ ಏನಾಗುತ್ತದೆ ಅನ್ನುವುದನ್ನು ನೆನೆದುಕೊಂಡು ಉತ್ತರ ಬರೆಯಿರಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಆ ಪಿಕಪ್ ಗಾಡಿ ಈಗಲೂ ಬೆಳಗಿನ ಜಾವ ಘಾಟಿ ಇಳಿಯುತ್ತದೆ. ಮೊನ್ನೆ ಸಿಕ್ಕ ಚಿಕ್ಕಪ್ಪ, "ಸಾರ್, ನಮ್ ಹುಡುಗಿ ತಿಂಗಳಿಗೊಂದು ಸಲ ಮೀಟ್ರು ಇಸ್ಕೊಂಡು ಬಂದು ಅರ್ಥ್ ಚೆಕ್ ಮಾಡ್ತಾಳೆ" ಅಂದರು. ಮೀಟರ್ ನಮ್ಮ ಶಾಲೆಯದು. ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಅವಳ ಸಹಿ ಇದೆ.